ಬಾಗಿಲಿಗೆ ಮೂರು ಬೋರ್ಡು: ಟೆಕ್ಸಸ್ ಪಿಸ್ತೂಲಿನ ಲೈಸೆನ್ಸ್ ಕೈಬಿಟ್ಟ ಪ್ರಕರಣ

ಡಾಲಸ್ ಹತ್ತಿರ ನಾವಿರುವ ಊರಿನಲ್ಲಿ ದಾವಣಗೆರೆ ಕಡೆಯವರೊಬ್ಬರ ದಿನಸಿ ಅಂಗಡಿ ಇದೆ. ಇಲ್ಲಿನ ಕನ್ನಡದವರೆಲ್ಲ ಅವರನ್ನು ಅಣ್ಣ ಅಂತಲೇ ಕರೆಯುವುದು. 2021ರ ಆಗಸ್ಟ್ ಕೊನೆಯ ವಾರ ಒಂದು ಸಂಜೆ ಅಕ್ಕಿ ತರಲು ಹೋಗಿದ್ದೆ. ಅಣ್ಣ ಕೌಂಟರ್ ಮೇಲೆ ಒಂದು ದೊಡ್ಡ ಬೋರ್ಡು ಹರಡಿಕೊಂಡು, ಮಗಳ ಸ್ಕೂಲ್ ಸ್ಕೇಲು ಹಿಡಿದು ಅಕ್ಷರದ ಎತ್ತರ ಅಳೆಯುತ್ತಿದ್ದರು.

"ಒಂದು ಇಂಚಿಗಿಂತ ಕಮ್ಮಿ ಇದ್ರೆ ಲೆಕ್ಕಕ್ಕಿಲ್ವಂತೆ. ಇಂಗ್ಲಿಷಲ್ಲೂ ಇರಬೇಕು, ಸ್ಪ್ಯಾನಿಷಲ್ಲೂ ಇರಬೇಕು" ಅಂದರು.

ಬಾಗಿಲ ಗಾಜಿನ ಮೇಲೆ ಆಗಲೇ ಎರಡು ಬೋರ್ಡು ಇದ್ದವು. ಇದು ಮೂರನೆಯದು. ಮೂರು ಯಾಕಣ್ಣ ಅಂತ ಕೇಳಿದೆ.

"ಒಂದು, ಲೈಸೆನ್ಸ್ ಇದ್ದು ಪಿಸ್ತೂಲು ಅಂಗಿ ಒಳಗೆ ಇಟ್ಕೊಂಡು ಬರೋರಿಗೆ. ಇನ್ನೊಂದು, ಲೈಸೆನ್ಸ್ ಇದ್ದು ಎಲ್ಲರಿಗೂ ಕಾಣೋ ಹಂಗೆ ಸೊಂಟಕ್ಕೆ ಕಟ್ಕೊಂಡು ಬರೋರಿಗೆ. ಇದು ಲೈಸೆನ್ಸೇ ಇಲ್ದೆ ಬರೋರಿಗೆ. ಸೆಪ್ಟೆಂಬರ್ ಒಂದರಿಂದ ಅವರೂ ಬರಬಹುದಲ್ಲ."

ಮೂರನೆಯದಕ್ಕೆ ಜಾಗ ಬೇಕಲ್ಲ, ಬಾಗಿಲಲ್ಲಿದ್ದ ಗಣೇಶನ ಹಬ್ಬದ ಪೋಸ್ಟರು ಬಿಚ್ಚಿ ಒಳಗಿನ ಗೋಡೆಗೆ ಅಂಟಿಸಿದರು.

ಆ ಬೋರ್ಡಿನ ಹಿಂದೆ ಇದ್ದದ್ದು ಟೆಕ್ಸಸ್ ಶಾಸನಸಭೆಯ ಹೌಸ್ ಬಿಲ್ 1927. ಸಾರ್ವಜನಿಕ ಜಾಗದಲ್ಲಿ ಪಿಸ್ತೂಲು ಇಟ್ಟುಕೊಂಡು ಓಡಾಡಲು ಬೇಕಿದ್ದ ಲೈಸೆನ್ಸ್ ಅನ್ನು ಈ ಮಸೂದೆ ಕೈಬಿಟ್ಟಿತು. ಅದನ್ನು ತಂದವರು 'ಸಂವಿಧಾನವೇ ಕೊಟ್ಟ ಹಕ್ಕು' ಅಂದರು. ವಿರೋಧಿಸಿದವರು 'ಲೈಸೆನ್ಸ್ ಇಲ್ಲದ ಪಿಸ್ತೂಲು' ಅಂದರು. ನಾನು ವಿರೋಧಿಸಿದವರ ಕಡೆಯವನು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಪಿಸ್ತೂಲು ಕಂಡರೇ ಆಗದವನು ಅಂತ ಅಲ್ಲ. ಆ ಲೈಸೆನ್ಸ್ ಒಂದು ಕೆಲಸ ಮಾಡುತ್ತಿತ್ತು. ಲೈಸೆನ್ಸ್ ಹೋದರೂ ಆ ಕೆಲಸ ಹೋಗಲಿಲ್ಲ, ಅಣ್ಣನಂಥವರ ಬಾಗಿಲಿಗೆ ಬಂದು ಕೂತಿತು. ಈ ಪ್ರಕರಣದಲ್ಲಿ ನನ್ನನ್ನು ಕಾಡುವುದು ಅದೇ.

ಟೋಪಿ, ಕುದುರೆ ಮತ್ತು 1871

ಟೆಕ್ಸಸ್ ಅಂದ ಕೂಡಲೇ ತಲೆಗೆ ಅಗಲದ ಟೋಪಿ, ಸೊಂಟಕ್ಕೆ ಪಿಸ್ತೂಲು ಕಣ್ಣಿಗೆ ಬರುತ್ತವೆ ಅಲ್ವಾ? ನಾನೂ ಹಾಗೇ ಅಂದುಕೊಂಡು ಇಲ್ಲಿಗೆ ಬಂದವನು. ಪುಸ್ತಕ ತೆಗೆದರೆ ಬೇರೆಯೇ ಕಥೆ ಇದೆ. 1871ರಲ್ಲೇ ಈ ರಾಜ್ಯ ಪಿಸ್ತೂಲು, ಕಠಾರಿ, ದೊಡ್ಡ ಬೇಟೆ ಚಾಕುಗಳನ್ನು ಮೈಮೇಲೆ ಇಟ್ಟುಕೊಂಡು ತಿರುಗುವುದನ್ನು ನಿಷೇಧಿಸಿತ್ತು. ಸಿಕ್ಕಿಬಿದ್ದರೆ ಮೊದಲ ಸಲ 25ರಿಂದ 100 ಡಾಲರ್ ದಂಡ, ಆಯುಧವೂ ಜಪ್ತಿ. ಸ್ವಂತ ಜಾಗದಲ್ಲಿದ್ದರೆ, ದೂರ ಪ್ರಯಾಣ ಹೊರಟಿದ್ದರೆ, ಈಗಲೇ ಯಾರೋ ಮೇಲೆ ಬೀಳುತ್ತಾರೆ ಎಂಬ ನಿಜವಾದ ಭಯ ಇದ್ದರೆ ವಿನಾಯಿತಿ ಇತ್ತು. ರೈಫಲ್, ಶಾಟ್‌ಗನ್‌ಗಳನ್ನು ಆ ಕಾನೂನು ಮುಟ್ಟಿರಲಿಲ್ಲ.

ಐದು ವರ್ಷ ಬಿಟ್ಟು, 1876ರಲ್ಲಿ, ಟೆಕ್ಸಸ್ ತನ್ನ ಸಂವಿಧಾನ ಬರೆದುಕೊಂಡಿತು. ಇವತ್ತಿಗೂ ನಡೆಯುತ್ತಿರುವುದು ಅದೇ. ಅದರ ಮೊದಲ ಅಧ್ಯಾಯದ 23ನೇ ಕಲಮಿನಲ್ಲಿ ಎರಡು ಮಾತಿದೆ. ತನ್ನ ರಕ್ಷಣೆಗೂ ರಾಜ್ಯದ ರಕ್ಷಣೆಗೂ ಆಯುಧ ಇಟ್ಟುಕೊಳ್ಳುವ ಹಕ್ಕು ಪ್ರತಿಯೊಬ್ಬ ನಾಗರಿಕನಿಗೆ ಇದೆ ಅನ್ನುವುದು ಮೊದಲನೆಯದು. ಅಪರಾಧ ತಡೆಯುವುದಕ್ಕಾಗಿ, ಆಯುಧ ಧರಿಸಿ ಓಡಾಡುವುದಕ್ಕೆ ಕಾನೂನು ಮಾಡುವ ಅಧಿಕಾರ ಶಾಸನಸಭೆಗೆ ಇದೆ ಅನ್ನುವುದು ಎರಡನೆಯದು. ಎರಡೂ ಒಂದೇ ವಾಕ್ಯದಲ್ಲಿವೆ. 2021ರ ಚರ್ಚೆಯಲ್ಲಿ ಸಂವಿಧಾನದ ಹೆಸರು ಹೇಳಿದ ಎಷ್ಟೋ ಜನ ಆ ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸಿದರು. ನನಗೆ ಅದು ಬೇಸರದ ವಿಷಯ.

ಹೆಚ್ಚುಕಮ್ಮಿ 125 ವರ್ಷ ಈ ನಿಷೇಧ ನಡೆಯಿತು. ಅದನ್ನು ಅಲುಗಾಡಿಸಿದ್ದು ಕಿಲೀನ್ ಪಟ್ಟಣದ ಒಂದು ಮಧ್ಯಾಹ್ನ. 1991ರ ಅಕ್ಟೋಬರ್ 16ರಂದು ಒಬ್ಬ ತನ್ನ ವಾಹನವನ್ನು ಲೂಬೀಸ್ ಎಂಬ ಊಟದ ಹೋಟೆಲಿನ ಗಾಜು ಒಡೆದು ಒಳಗೆ ನುಗ್ಗಿಸಿದ, ಇಳಿದು ಗುಂಡು ಹಾರಿಸಿದ. 23 ಜನ ಸತ್ತರು. ಅಲ್ಲಿ ಸೂಜಾನಾ ಹಪ್ ಎಂಬ ಮಹಿಳೆ ತಂದೆ ತಾಯಿಯ ಜೊತೆ ಊಟಕ್ಕೆ ಕೂತಿದ್ದರು. ಅವರ ರಿವಾಲ್ವರ್ ಹೊರಗೆ ಕಾರಿನಲ್ಲಿತ್ತು. ಜೊತೆಗೆ ಒಯ್ದರೆ ಕಾನೂನು ಮುರಿದ ಹಾಗಾಗುತ್ತದೆ ಅಂತ ಅಲ್ಲೇ ಬಿಟ್ಟು ಬಂದಿದ್ದರು. ಕಣ್ಣೆದುರೇ ತಂದೆಗೆ ಗುಂಡು ಬಿತ್ತು. ತಾಯಿಯೂ ಸತ್ತರು. ಮುಂದೆ ಅವರು ಶಾಸಕಿಯಾದರು, ಈ ಒಂದೇ ವಿಷಯವನ್ನು ಊರೂರಿಗೆ ಹೋಗಿ ಹೇಳಿದರು. ಅವರ ಮಾತಿಗೆ ಸುಲಭದ ಉತ್ತರ ನನ್ನ ಹತ್ತಿರ ಇಲ್ಲ. ಆ ಕಾರಿನಲ್ಲಿ ಉಳಿದ ರಿವಾಲ್ವರನ್ನು ಮರೆತು ಟೆಕ್ಸಸ್‌ನ ಪಿಸ್ತೂಲಿನ ಕಾನೂನಿನ ಬಗ್ಗೆ ಮಾತಾಡಬಾರದು ಅನ್ನುವುದೇ ನನ್ನ ನಿಲುವು.

1993ರಲ್ಲಿ ಗವರ್ನರ್ ಆ್ಯನ್ ರಿಚರ್ಡ್ಸ್ ಪಿಸ್ತೂಲು ಒಯ್ಯುವ ಮಸೂದೆಯೊಂದನ್ನು ತಡೆದರು. ಮಾರನೆಯ ವರ್ಷ ಚುನಾವಣೆಯಲ್ಲಿ ಜಾರ್ಜ್ ಬುಷ್ ಎದುರು ಸೋತರು. 1995ರಲ್ಲಿ ಬುಷ್ ಸಹಿ ಹಾಕಿದರು. 1996ರ ಆರಂಭದಿಂದ ಲೈಸೆನ್ಸ್ ಪಡೆದವರು ಪಿಸ್ತೂಲನ್ನು ಬಟ್ಟೆಯೊಳಗೆ ಮುಚ್ಚಿಟ್ಟುಕೊಂಡು ಓಡಾಡಬಹುದು ಅಂತಾಯಿತು. 2007ರಲ್ಲಿ ಸ್ವಂತ ಕಾರಿನೊಳಗೆ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ ಎಂದರು. 2016ರಲ್ಲಿ ಲೈಸೆನ್ಸ್ ಇದ್ದವರು ಕಾಣುವ ಹಾಗೆ ಕಟ್ಟಿಕೊಳ್ಳಬಹುದು ಎಂದರು. ಅದೇ ವರ್ಷ ಆಗಸ್ಟ್ 1ರಿಂದ ವಿಶ್ವವಿದ್ಯಾಲಯದ ಕಟ್ಟಡಗಳಿಗೂ ಪಿಸ್ತೂಲು ಬಂತು. ಆಸ್ಟಿನ್ ನಗರದ ಟೆಕ್ಸಸ್ ವಿಶ್ವವಿದ್ಯಾಲಯದ ಗಡಿಯಾರದ ಗೋಪುರದಿಂದ ಒಬ್ಬ ಗುಂಡಿನ ಮಳೆಗರೆದು ಆ ದಿನಕ್ಕೆ ಸರಿಯಾಗಿ 50 ವರ್ಷ ಆಗಿತ್ತು.

ತರಗತಿಯಲ್ಲಿ ಕಲಿಸುತ್ತಿದ್ದದ್ದು

ಲೈಸೆನ್ಸ್ ಅಂದರೆ ಸುಮ್ನೆ ಒಂದು ಕಾರ್ಡು ಅಲ್ಲ. ಬೆರಳಚ್ಚು ಕೊಡಬೇಕು, ಹಿನ್ನೆಲೆ ತಪಾಸಣೆ ಆಗಬೇಕು, ತರಗತಿಯಲ್ಲಿ ಕೂರಬೇಕು, ಬರೆಯುವ ಪರೀಕ್ಷೆ, ಆಮೇಲೆ ಗುಂಡು ಹಾರಿಸುವ ಪರೀಕ್ಷೆ. ತರಗತಿ ಮೊದಲು 10ರಿಂದ 15 ಗಂಟೆ ಇತ್ತು, 2013ರಲ್ಲಿ 4ರಿಂದ 6 ಗಂಟೆಗೆ ಇಳಿಸಿದರು. 140 ಡಾಲರ್ ಇದ್ದ ಶುಲ್ಕವನ್ನು 2017ರಲ್ಲಿ 40ಕ್ಕೆ ಇಳಿಸಿದರು.

ಗ್ರೀನ್ ಕಾರ್ಡ್ ಬಂದ ಮೇಲೆ ಒಂದು ಶನಿವಾರ ನಾನೂ ಆ ತರಗತಿಗೆ ಹೋಗಿದ್ದೆ. ಪಿಸ್ತೂಲು ಕೊಳ್ಳುವ ಯೋಚನೆ ಇರಲಿಲ್ಲ. ಪಕ್ಕದ ಮನೆಯವರ ಹತ್ತಿರ, ಆಫೀಸಿನವರ ಹತ್ತಿರ ಇರುವ ವಸ್ತುವಿನ ನಿಯಮ ನನಗೂ ಗೊತ್ತಿರಲಿ ಅನ್ನಿಸಿತ್ತು. ಪಾಠ ಹೇಳಿದವರು ನಿವೃತ್ತ ಸೈನಿಕರು. ಗುಂಡು ಹಾರಿಸುವುದು ಹೇಗೆ ಅಂತ ಶುರು ಮಾಡುತ್ತಾರೆ ಅಂದುಕೊಂಡಿದ್ದೆ. ಅವರು ಮೊದಲ ಎರಡು ಗಂಟೆ ಮಾತಾಡಿದ್ದು ಯಾವಾಗ ಪಿಸ್ತೂಲು ತೆಗೆಯಬಾರದು ಅನ್ನುವುದನ್ನು. ಪಾರ್ಕಿಂಗ್ ಜಾಗದಲ್ಲಿ ಯಾರೋ ನಿಮ್ಮ ಕಾರಿನ ಬಾನೆಟ್ ಗುದ್ದಿ ಬಾಯಿಗೆ ಬಂದ ಹಾಗೆ ಬಯ್ಯುತ್ತಾನೆ, ಏನು ಮಾಡುತ್ತೀರಿ ಅಂತ ಒಬ್ಬೊಬ್ಬರನ್ನೂ ಕೇಳಿದರು. ಹಿಂದಿನ ಸಾಲಿನ ಹುಡುಗನೊಬ್ಬ ಪಿಸ್ತೂಲು ತೋರಿಸುತ್ತೇನೆ ಅಂದ. ಬೈಗುಳ ತಿಂದು ಯಾರೂ ಸತ್ತಿಲ್ಲ, ಗಾಡಿ ಸ್ಟಾರ್ಟ್ ಮಾಡಿ ಮನೆಗೆ ಹೋಗು ಅಂದರು ಮೇಷ್ಟ್ರು. ಆ ಹುಡುಗ ಅದನ್ನು ಬರೆದುಕೊಂಡಿದ್ದನ್ನು ನಾನು ನೋಡಿದೆ.

ಇದು ಆ ಮೇಷ್ಟ್ರ ಒಳ್ಳೆಯತನ ಮಾತ್ರ ಅಲ್ಲ. ಜಗಳವನ್ನು ಹೊಡೆದಾಟವಿಲ್ಲದೆ ಬಗೆಹರಿಸುವುದು, ಮಕ್ಕಳ ಕೈಗೆ ಸಿಗದ ಹಾಗೆ ಪಿಸ್ತೂಲು ಎತ್ತಿಡುವುದು, ಯಾವಾಗ ಬಲ ಬಳಸಬಹುದು ಅನ್ನುವ ಕಾನೂನು, ಇವೆಲ್ಲ ತರಗತಿಯಲ್ಲಿ ಇರಲೇಬೇಕು ಅಂತ ಕಾನೂನಿನಲ್ಲೇ ಬರೆದಿದೆ. ಕೊನೆಗೆ 50 ಗುಂಡಿನ ಪರೀಕ್ಷೆ. 3 ಗಜದಿಂದ 20, 7 ಗಜದಿಂದ 20, 15 ಗಜದಿಂದ 10. ಒಟ್ಟು 250 ಅಂಕ, 175 ಬಂದರೆ ಪಾಸು. ಹದಿನೈದು ಗಜದಿಂದ ನನ್ನ ಗುಂಡುಗಳು ಕಾಗದದ ಅಂಚು ಹಿಡಿದು ಹೋದವು. ಕದಲದೆ ನಿಂತ ಕಾಗದಕ್ಕೇ ಹೀಗಾದರೆ, ಜನ ಚೀರಾಡಿ ಓಡುವ ಜಾಗದಲ್ಲಿ ನನ್ನ ಗುಂಡು ಯಾರಿಗೆ ತಗಲುತ್ತಿತ್ತು? ಅವತ್ತು ಮನೆಗೆ ಬರುವಾಗ ತಲೆಯಲ್ಲಿದ್ದದ್ದು ಅದೊಂದೇ.

2021ರ ಹೊತ್ತಿಗೆ ಟೆಕ್ಸಸ್‌ನಲ್ಲಿ 16 ಲಕ್ಷಕ್ಕೂ ಜಾಸ್ತಿ ಜನರ ಹತ್ತಿರ ಈ ಲೈಸೆನ್ಸ್ ಇತ್ತು. ಅಷ್ಟು ಜನ ಆ ತರಗತಿಯಲ್ಲಿ ಕೂತು ಬಂದಿದ್ದರು. ಬಂದೂಕಿನ ಕಾನೂನು ಸಡಿಲ ಅಂತ ಹೆಸರಾದ ರಾಜ್ಯದಲ್ಲಿ, ಪಿಸ್ತೂಲು ಕಟ್ಟಿಕೊಂಡು ಬೀದಿಗೆ ಇಳಿಯುವವನನ್ನು ಸರ್ಕಾರ ಒಂದು ಸಲವಾದರೂ ಎದುರಿಗೆ ಕೂರಿಸಿ ಮಾತಾಡಿಸುತ್ತಿದ್ದ ಜಾಗ ಅದೊಂದೇ.

ಎರಡು ಅಧಿವೇಶನದ ನಡುವೆ

ಲೈಸೆನ್ಸ್ ತೆಗೆಯುವ ಮಸೂದೆಗಳು 2021ಕ್ಕೂ ಮುಂಚೆ ಬಂದಿದ್ದವು, ಮೂಲೆ ಸೇರಿದ್ದವು. 2019ರಲ್ಲಿ ಒಬ್ಬ ಬಂದೂಕು ಪರ ಕಾರ್ಯಕರ್ತ ಸ್ಪೀಕರ್ ಡೆನಿಸ್ ಬಾನೆನ್ ಅವರ ಮನೆ ಬಾಗಿಲಿಗೇ ಹೋದ. ಸ್ಪೀಕರ್ ಊರಲ್ಲಿರಲಿಲ್ಲ, ಮನೆಯಲ್ಲಿ ಹೆಂಡತಿ ಮಕ್ಕಳಿದ್ದರು. ಸಿಟ್ಟಾದ ಸ್ಪೀಕರ್ ಆ ಮಸೂದೆ ಸತ್ತ ಹಾಗೇ ಅಂದುಬಿಟ್ಟರು.

ಅದೇ 2019ರ ಆಗಸ್ಟ್ ತಿಂಗಳು ಟೆಕ್ಸಸ್‌ಗೆ ಕೆಟ್ಟ ತಿಂಗಳು. 3ನೇ ತಾರೀಖು ಎಲ್ ಪಾಸೊ ನಗರದ ವಾಲ್‌ಮಾರ್ಟ್‌ನಲ್ಲಿ, ಮೆಕ್ಸಿಕೊ ಮೂಲದವರನ್ನೇ ಗುರಿ ಮಾಡಿಕೊಂಡು ಬಂದವನ ಗುಂಡಿಗೆ 23 ಜನ ಬಲಿಯಾದರು. ತಿಂಗಳ ಕೊನೆಯ ದಿನ ಮಿಡ್‌ಲ್ಯಾಂಡ್ ಮತ್ತು ಒಡೆಸ್ಸಾ ಊರುಗಳಲ್ಲಿ ಏಳು ಜನ. ಒಡೆಸ್ಸಾದ ಕೊಲೆಗಾರ ಅಂಗಡಿಯಲ್ಲಿ ಬಂದೂಕು ಕೊಳ್ಳಲು ಹೋಗಿ ತಪಾಸಣೆಯಲ್ಲಿ ಫೇಲಾಗಿದ್ದವನು. ಆಮೇಲೆ ತಪಾಸಣೆ ಬೇಕಿಲ್ಲದ ಖಾಸಗಿ ಮಾರಾಟದಲ್ಲಿ ರೈಫಲ್ ಕೊಂಡಿದ್ದ. ಇಲ್ಲಿನ ಮೇಲ್ಮನೆಯನ್ನು ನಡೆಸುವ ಲೆಫ್ಟಿನೆಂಟ್ ಗವರ್ನರ್ ಡ್ಯಾನ್ ಪ್ಯಾಟ್ರಿಕ್ ಕೂಡ ಆಗ, ಅಪರಿಚಿತರ ನಡುವಿನ ಮಾರಾಟಕ್ಕೆ ತಪಾಸಣೆ ಬರಲಿ ಅಂತ ಬಹಿರಂಗವಾಗಿ ಹೇಳಿದರು. ಟೆಕ್ಸಸ್ ಶಾಸನಸಭೆ ಸೇರುವುದು ಎರಡು ವರ್ಷಕ್ಕೊಮ್ಮೆ, 140 ದಿನ. ಹಾಗಾಗಿ ಎಲ್ ಪಾಸೊ ನಂತರದ ಮೊದಲ ಅಧಿವೇಶನ ಅಂದರೆ 2021ರದ್ದು. ಆ ಊರಿನವರು ಅದಕ್ಕಾಗಿ ಕಾದಿದ್ದರು.

ಕಾದಿದ್ದವರಿಗೆ ಸಿಕ್ಕಿದ್ದು ಹೌಸ್ ಬಿಲ್ 1927. ಖಾಸಗಿ ಮಾರಾಟದ ತಪಾಸಣೆ ಮುಂದಕ್ಕೆ ಹೋಗಲೇ ಇಲ್ಲ.

ಮಸೂದೆ ತಂದವರು ಟೈಲರ್ ಊರಿನ ರಿಪಬ್ಲಿಕನ್ ಶಾಸಕ ಮ್ಯಾಟ್ ಶೇಫರ್. ಅವರ ವಾದ ಸರಳ. ಹಕ್ಕು ಅಂದ ಮೇಲೆ ಅದಕ್ಕೆ ಶುಲ್ಕ ಯಾಕೆ, ಪರೀಕ್ಷೆ ಯಾಕೆ? ಮಾತಾಡಲು ಲೈಸೆನ್ಸ್ ಇದೆಯಾ, ಪೂಜೆಗೆ ಲೈಸೆನ್ಸ್ ಇದೆಯಾ? ಕಳ್ಳಕಾಕರು ಹೇಗೂ ಲೈಸೆನ್ಸ್ ತಗೊಳ್ಳುವುದಿಲ್ಲ, ನಿಯಮ ಕಟ್ಟಿಹಾಕುವುದು ಒಳ್ಳೆಯವರನ್ನು ಮಾತ್ರ. ಇದರಲ್ಲಿ ನನಗೆ ನಿಜ ಅನ್ನಿಸುವ ಒಂದು ಅಂಶ ಇದೆ. ಗಂಟೆ ಲೆಕ್ಕದ ಕೂಲಿಗೆ ದುಡಿಯುವವರಿಗೆ, ರಾತ್ರಿ ಪಾಳಿ ಮುಗಿಸಿ ಒಬ್ಬರೇ ಮನೆಗೆ ನಡೆಯುವ ಹೆಂಗಸರಿಗೆ, ಒಂದು ದಿನದ ಸಂಬಳ ಬಿಟ್ಟು ತರಗತಿಗೆ ದುಡ್ಡು ಕಟ್ಟುವುದು ಸಣ್ಣ ಮಾತಲ್ಲ. ಆದರೆ ಅದಕ್ಕೆ ಮದ್ದು ಬೇರೆ ಇತ್ತು. ಶುಲ್ಕವನ್ನು ಪೂರ್ತಿ ತೆಗೆಯಬಹುದಿತ್ತು. ತರಗತಿಯನ್ನು ಸರ್ಕಾರವೇ ಪುಕ್ಕಟೆ ನಡೆಸಬಹುದಿತ್ತು, ಭಾನುವಾರ, ಸಂಜೆ ಹೊತ್ತು ಇಡಬಹುದಿತ್ತು. ಬಡವರಿಗೆ ಬಾಗಿಲು ತೆರೆಯುವ ಬದಲು ಶಾಲೆಯನ್ನೇ ಮುಚ್ಚಿದ ಹಾಗಾಯಿತು.

ವಿರೋಧ ಬಂದದ್ದು ಡೆಮಾಕ್ರಾಟರಿಂದ ಮಾತ್ರ ಅಲ್ಲ. ಪೊಲೀಸ್ ಸಂಘಟನೆಗಳು ರಾಜಧಾನಿ ಆಸ್ಟಿನ್‌ಗೆ ಬಂದು ಬೇಡ ಅಂದವು. ಡಾಲಸ್ ಪೊಲೀಸ್ ಮುಖ್ಯಸ್ಥ ಎಡ್ಡಿ ಗಾರ್ಸಿಯಾ ಕೂಡ ಅವರ ಜೊತೆಗಿದ್ದರು. ತರಗತಿ ನಡೆಸುವ ಎಷ್ಟೋ ಮೇಷ್ಟ್ರುಗಳು ವಿರೋಧಿಸಿದರು. ಏಪ್ರಿಲ್‌ನಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯ ಮತ್ತು ಟೆಕ್ಸಸ್ ಟ್ರಿಬ್ಯೂನ್ ಎಂಬ ಸುದ್ದಿ ಸಂಸ್ಥೆ ಸೇರಿ ಮಾಡಿದ ಸಮೀಕ್ಷೆಯಲ್ಲಿ ಮತದಾರರಲ್ಲಿ 59 ಶೇಕಡಾ ಜನ ಲೈಸೆನ್ಸ್ ಇಲ್ಲದೆ ಒಯ್ಯುವುದು ಬೇಡ ಅಂದಿದ್ದರು. ಮೇಲ್ಮನೆಯಲ್ಲಿ ಬೇಕಾದಷ್ಟು ಮತ ಇಲ್ಲ ಅಂತ ಡ್ಯಾನ್ ಪ್ಯಾಟ್ರಿಕ್ ಅವರೇ ಏಪ್ರಿಲ್‌ನಲ್ಲಿ ಹೇಳಿದ್ದರು.

ಅಷ್ಟಿದ್ದರೂ ಮಸೂದೆ ಹೇಗೆ ಪಾಸಾಯಿತು? ಇಲ್ಲಿ ನಿಜವಾದ ಸ್ಪರ್ಧೆ ಇರುವುದು ಅಭ್ಯರ್ಥಿ ಯಾರೆಂದು ಆರಿಸುವ, ಪಕ್ಷದೊಳಗಿನ ಪ್ರೈಮರಿ ಚುನಾವಣೆಯಲ್ಲಿ. ರಿಪಬ್ಲಿಕನ್ ಪಕ್ಷ ಇದನ್ನು ತನ್ನ ಮುಖ್ಯ ಬೇಡಿಕೆಗಳಲ್ಲಿ ಸೇರಿಸಿತ್ತು. ಗವರ್ನರ್ ಗ್ರೆಗ್ ಅಬಟ್ ಅವರಿಗೆ ತಮಗಿಂತಲೂ ಬಲಕ್ಕೆ ನಿಂತವರು ಪೈಪೋಟಿಗೆ ಇಳಿಯುವ ಸೂಚನೆ ಇತ್ತು. ಪ್ರೈಮರಿಗೆ ಬಂದು ಮತ ಹಾಕುವವರು ಕೆಲವೇ ಜನ, ಆದರೆ ಗಟ್ಟಿ ಜನ. ಆ ಸಮೀಕ್ಷೆಯ ಅಂಕಿಗಿಂತ ಅವರ ಫೋನ್ ಕರೆಗಳಿಗೇ ಜಾಸ್ತಿ ಬೆಲೆ ಸಿಕ್ಕಿತು ಅಂತ ನನ್ನ ತಿಳುವಳಿಕೆ. ಏಪ್ರಿಲ್ ಮಧ್ಯದಲ್ಲಿ ಕೆಳಮನೆ 84ಕ್ಕೆ 56ರಂತೆ ಮೊದಲ ಒಪ್ಪಿಗೆ ಕೊಟ್ಟಿತು. ಬಂದರೆ ಸಹಿ ಹಾಕುತ್ತೇನೆ ಅಂತ ಗವರ್ನರ್ ತಿಂಗಳ ಕೊನೆಗೆ ರೇಡಿಯೊದಲ್ಲಿ ಹೇಳಿದರು. ಮತ ಇಲ್ಲದ ಮೇಲ್ಮನೆಯಲ್ಲಿ ಮತ ಹುಟ್ಟಿತು. ಮೇ 5ರಂದು 18ಕ್ಕೆ 13.

ಮೇಲ್ಮನೆ ಸುಮ್ಮನೆ ಒಪ್ಪಿಕೊಳ್ಳಲಿಲ್ಲ, ಅದು ಅವರ ಹೆಚ್ಚುಗಾರಿಕೆ. ಕೆಳಮನೆಯ ಮಸೂದೆಯಲ್ಲಿ, ಪಿಸ್ತೂಲು ಕಂಡಿತು ಅನ್ನುವ ಒಂದೇ ಕಾರಣಕ್ಕೆ ಪೊಲೀಸರು ಯಾರನ್ನೂ ನಿಲ್ಲಿಸಿ ಕೇಳಬಾರದು ಅಂತಿತ್ತು. ಅದನ್ನು ತೆಗೆದರು. ಗಂಭೀರ ಅಪರಾಧದಲ್ಲಿ ಶಿಕ್ಷೆಯಾದವರು, ಮನೆಯವರ ಮೇಲೆ ಕೈ ಮಾಡಿ ಶಿಕ್ಷೆಯಾದವರು ಪಿಸ್ತೂಲಿನ ಜೊತೆ ಸಿಕ್ಕಿದರೆ ಶಿಕ್ಷೆ ಜಾಸ್ತಿ ಮಾಡಿದರು. ಹಿಂದಿನ ಐದು ವರ್ಷದಲ್ಲಿ ಹೊಡೆತ, ಬೆದರಿಕೆಯಂಥ ಕೆಲವು ತಪ್ಪಿಗೆ ಶಿಕ್ಷೆಯಾದವರಿಗೆ ಈ ಸೌಲಭ್ಯ ಇಲ್ಲ ಎಂದರು. ಕುಡಿದು ಪಿಸ್ತೂಲು ಹಿಡಿದು ಹೊರಗೆ ತಿರುಗುವಂತಿಲ್ಲ. ಕಾಣುವ ಹಾಗಿದ್ದರೆ ಪಿಸ್ತೂಲು ಅದರ ಚೀಲದಲ್ಲಿ, ಅಂದರೆ ಹೋಲ್‌ಸ್ಟರ್‌ನಲ್ಲಿರಬೇಕು. ವಯಸ್ಸು 21 ಆಗಿರಬೇಕು ಅಂತ ಮಸೂದೆಯಲ್ಲಿ ಮೊದಲೇ ಇತ್ತು. ಇದರ ಜೊತೆಗೆ ರಾಜ್ಯದ ಸಾರ್ವಜನಿಕ ಸುರಕ್ಷತಾ ಇಲಾಖೆ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸುರಕ್ಷತಾ ಪಾಠ ಕೊಡಬೇಕು ಎಂದರು. ನೋಡುವುದು ಬಿಡುವುದು ಅವರವರ ಇಷ್ಟ.

ರಾಜಿ ಮಾಡಿಕೊಂಡ ಕೊನೆಯ ರೂಪಕ್ಕೆ ಕೆಳಮನೆಯಲ್ಲಿ 82ಕ್ಕೆ 62, ಮೇ 24ರಂದು ಮೇಲ್ಮನೆಯಲ್ಲಿ 17ಕ್ಕೆ 13 ಮತ ಬಿದ್ದವು. ಜೂನ್ 17ರಂದು ಸ್ಯಾನ್ ಆಂಟೋನಿಯೊದ ಅಲಮೊ ಕೋಟೆಯ ಅಂಗಳದಲ್ಲಿ ಗವರ್ನರ್ ಸಹಿ ಸಮಾರಂಭ ಮಾಡಿದರು. ಟೆಕ್ಸಸ್‌ನವರಿಗೆ ಅಲಮೊ ಅಂದರೆ ನಮಗೆ ಕಿತ್ತೂರು ಇದ್ದ ಹಾಗೆ. ಜಾಗವನ್ನು ಯೋಚಿಸಿಯೇ ಆರಿಸಿದ್ದರು.

ಕೆಲಸ ಯಾರ ಪಾಲಿಗೆ ಬಂತು

ಈಗ ಅಣ್ಣನ ಬೋರ್ಡಿಗೆ ಬರೋಣ. ಖಾಸಗಿ ಜಾಗದ ಮಾಲೀಕರಿಗೆ ಪಿಸ್ತೂಲು ಬೇಡ ಅನ್ನುವ ಹಕ್ಕು ಉಳಿದಿದೆ. ಆದರೆ ಬೇಡ ಅನ್ನುವುದಕ್ಕೂ ಒಂದು ಕ್ರಮ ಇದೆ. ದಂಡಸಂಹಿತೆಯ 30.06ನೇ ಕಲಮಿನ ಬೋರ್ಡು ಲೈಸೆನ್ಸ್ ಇದ್ದು ಮುಚ್ಚಿಟ್ಟುಕೊಂಡವರಿಗೆ. 30.07 ಲೈಸೆನ್ಸ್ ಇದ್ದು ಕಾಣುವ ಹಾಗೆ ಕಟ್ಟಿಕೊಂಡವರಿಗೆ. ಈ ಎರಡರಲ್ಲೂ ಕಾನೂನು ಕೊಟ್ಟ ಮಾತುಗಳನ್ನು ಇದ್ದ ಹಾಗೇ ಬರೆಯಬೇಕು. ಹೊಸದಾಗಿ ಸೇರಿದ್ದು 30.05, ಲೈಸೆನ್ಸ್ ಇಲ್ಲದವರಿಗೆ. ಮೂರರಲ್ಲೂ ಅಕ್ಷರ ಕನಿಷ್ಠ ಒಂದು ಇಂಚು, ಎರಡು ಭಾಷೆ, ಹಿನ್ನೆಲೆಯಿಂದ ಎದ್ದು ಕಾಣುವ ಬಣ್ಣ. ಅಂಗಡಿಗೆ ಎರಡು ಬಾಗಿಲಿದ್ದರೆ ಎರಡು ಕಡೆಯೂ ಹಾಕಬೇಕು. ಇಷ್ಟೆಲ್ಲ ಮಾಡಿದ ಮೇಲೂ ಒಬ್ಬ ಒಳಗೆ ಬಂದರೆ ಅವನಿಗೆ ಇರುವುದು 200 ಡಾಲರ್ ಮೀರದ ದಂಡ. ದೊಡ್ಡ ತಪ್ಪಾಗುವುದು ಮಾಲೀಕರು ಬಾಯಿಬಿಟ್ಟು ಹೇಳಿದ ಮೇಲೂ ಹೊರಗೆ ಹೋಗದಿದ್ದರೆ. ಅಂದರೆ ಪಿಸ್ತೂಲು ಕಟ್ಟಿಕೊಂಡವನ ಎದುರು ಹೋಗಿ ನಿಂತು ಹೊರಗೆ ಹೋಗಿ ಅಂತ ಹೇಳುವ ಧೈರ್ಯ ಕೌಂಟರಿನಲ್ಲಿ ಕೂತವರಿಗೆ ಇರಬೇಕು. ಅಣ್ಣನ ಅಂಗಡಿಯಲ್ಲಿ ಸಂಜೆ ಕೌಂಟರಿಗೆ ಕೂರುವುದು ಅತ್ತಿಗೆ.

ಪೊಲೀಸರ ಕಷ್ಟ ಬೇರೆ ಥರ. ಮೊದಲು ಒಂದು ಪ್ರಶ್ನೆ ಸಾಕಿತ್ತು, ಲೈಸೆನ್ಸ್ ಇದೆಯಾ ಅಂತ. ಕಾರ್ಡು ತೋರಿಸಿದರೆ ಬೆರಳಚ್ಚು, ತಪಾಸಣೆ ಎಲ್ಲ ಆದವನು ಅಂತ ಅರ್ಥ. ಈಗ ಎದುರಿಗಿರುವವನಿಗೆ ಐದು ವರ್ಷದ ಒಳಗಿನ ಹೊಡೆದಾಟದ ಶಿಕ್ಷೆ ಇದೆಯಾ, ಬೇರೆ ರಾಜ್ಯದಲ್ಲಿ ಏನಾದರೂ ಆಗಿದೆಯಾ, ಅದನ್ನೆಲ್ಲ ರಸ್ತೆ ಬದಿಯಲ್ಲಿ ನಿಂತು ಹುಡುಕಬೇಕು. ನಮ್ಮ ಕಡೆ ಚುನಾವಣೆ ಬಂದರೆ ಲೈಸೆನ್ಸ್ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ತಗೊಂಡು ಬರುವ ತೋಟದವರ ಗೊಣಗಾಟ ಕೇಳಿ ಬೆಳೆದವನು ನಾನು. ಆ ಗೊಣಗಾಟದಲ್ಲಿ ನ್ಯಾಯ ಇದೆ. ಆದರೂ ಯಾರ ಕೋವಿ ಯಾವುದು ಅನ್ನುವುದು ಅಲ್ಲಿ ಠಾಣೆಯ ಪುಸ್ತಕದಲ್ಲಿ ಇರುತ್ತದೆ.

ಇನ್ನೊಂದು ವಿಷಯ ನಮ್ಮವರಿಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಟೆಕ್ಸಸ್‌ನಲ್ಲಿ ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಎಲ್ಲರಿಗೂ ಪಿಸ್ತೂಲು ಅಂತ ಅಲ್ಲ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಹೊಂದುವುದನ್ನೇ ಕೇಂದ್ರ ಸರ್ಕಾರದ ಕಾನೂನು ನಿಷೇಧಿಸುತ್ತದೆ. ಬೇಟೆಯ ಲೈಸೆನ್ಸ್ ಇದ್ದವರಿಗೆ ಅಂಥ ಕೆಲವು ವಿನಾಯಿತಿ ಬಿಟ್ಟರೆ ಅದು ಜೈಲಿಗೆ ಹೋಗುವ ಅಪರಾಧ, ವೀಸಾಕ್ಕೂ ಕುತ್ತು. ಡಾಲಸ್, ಆಸ್ಟಿನ್, ಹ್ಯೂಸ್ಟನ್‌ನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕನ್ನಡದ ಹುಡುಗರು ಬೇಕಾದಷ್ಟಿದ್ದಾರೆ. ಮಸೂದೆ ಪಾಸಾದ ವಾರ ಅವರಲ್ಲಿ ಒಬ್ಬ, 'ಈಗ ಲೈಸೆನ್ಸ್ ಬೇಡ್ವಂತೆ, ಗೆಳೆಯನ ಪಿಸ್ತೂಲು ಇಟ್ಕೊಂಡು ಕ್ಯಾಂಪಿಂಗ್ ಹೋಗೋಣ' ಅಂದದ್ದನ್ನು ನಾನೇ ಕೇಳಿದ್ದೇನೆ. ಹೆದರಿಸಿ ಬಿಡಿಸಬೇಕಾಯಿತು. ಲೈಸೆನ್ಸ್‌ಗೆ ಅರ್ಜಿ ಹಾಕಬೇಕಿದ್ದ ಕಾಲದಲ್ಲಿ ಅವನ ವೀಸಾ ವಿಷಯ ಮೊದಲ ಫಾರಂನಲ್ಲೇ ಸಿಕ್ಕಿಬೀಳುತ್ತಿತ್ತು. ಈಗ ಅವನಿಗೆ ಹೇಳುವವರು ಯಾರು?

ದೇವಸ್ಥಾನ, ಚರ್ಚುಗಳ ಮಾತೂ ಇದೆ. 2017ರಲ್ಲಿ ಸದರ್‌ಲ್ಯಾಂಡ್ ಸ್ಪ್ರಿಂಗ್ಸ್‌ನ ಚರ್ಚಿನಲ್ಲಿ 26 ಜನ ಸತ್ತ ಮೇಲೆ, ಲೈಸೆನ್ಸ್ ಇದ್ದವರು ಪ್ರಾರ್ಥನಾ ಜಾಗಕ್ಕೂ ಪಿಸ್ತೂಲು ತರಬಹುದು, ಸಮಿತಿಗೆ ಬೇಡವಾದರೆ ಬೋರ್ಡು ಹಾಕಲಿ ಅಂತ 2019ರಲ್ಲಿ ಸ್ಪಷ್ಟ ಮಾಡಿದರು. ಅದೇ ಡಿಸೆಂಬರ್ 29ರಂದು ವೈಟ್ ಸೆಟಲ್‌ಮೆಂಟ್ ಊರಿನ ಚರ್ಚಿನಲ್ಲಿ ಒಬ್ಬ ಶಾಟ್‌ಗನ್ ತೆಗೆದು ಇಬ್ಬರನ್ನು ಕೊಂದ. ಅವನು ಗುಂಡು ಹಾರಿಸಿದ ಕೆಲವೇ ಸೆಕೆಂಡಿನಲ್ಲಿ ಚರ್ಚಿನ ಸ್ವಯಂಸೇವಕರೊಬ್ಬರು ಒಂದೇ ಗುಂಡಿಗೆ ಅವನನ್ನು ಬೀಳಿಸಿದರು. ಇನ್ನೂ ಎಷ್ಟೋ ಜನ ಬದುಕಿದರು. ಮಸೂದೆಯ ಪರ ಇದ್ದವರು ಈ ಘಟನೆಯನ್ನು ಮತ್ತೆ ಮತ್ತೆ ಹೇಳುತ್ತಾರೆ, ಹೇಳಬೇಕಾದದ್ದೇ. ಆದರೆ ಆ ಸ್ವಯಂಸೇವಕರು ಮೊದಲು ಪೊಲೀಸ್ ಮೀಸಲು ಪಡೆಯಲ್ಲಿ ಇದ್ದವರು, ಗುಂಡು ಹಾರಿಸುವುದನ್ನು ಬೇರೆಯವರಿಗೆ ಕಲಿಸುತ್ತಿದ್ದ ಮೇಷ್ಟ್ರು. ನನಗೆ ಆ ಘಟನೆ ತರಗತಿಯ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ಆಮೇಲೆ ಆದದ್ದು

ಕಾನೂನು 2021ರ ಸೆಪ್ಟೆಂಬರ್ 1ರಿಂದ ಜಾರಿಯಾಯಿತು. ಲೈಸೆನ್ಸ್ ಈಗಲೂ ಸಿಗುತ್ತದೆ. ಬೇರೆ ರಾಜ್ಯಕ್ಕೆ ಹೋಗುವಾಗ, ಕಾಲೇಜು ಕಟ್ಟಡದೊಳಗೆ ಹೋಗುವಾಗ ಅದು ಬೇಕು. ಆದರೂ ಹೊಸ ಅರ್ಜಿಗಳು ಗಣನೀಯವಾಗಿ ಇಳಿದವು. ಕಡ್ಡಾಯ ಇಲ್ಲದ ತರಗತಿಗೆ ಹೋಗುವವರು ಕಮ್ಮಿಯಾಗುತ್ತಾರೆ ಅನ್ನುವುದರಲ್ಲಿ ಆಶ್ಚರ್ಯ ಇಲ್ಲ.

ಗುಂಡಿನ ಸಾವು ಈ ಕಾನೂನಿನಿಂದ ಇಷ್ಟು ಏರಿತು ಅಂತ ನಾನು ಹೇಳುವುದಿಲ್ಲ. ಕೊರೊನಾ ಬಂದ 2020ರಿಂದಲೇ ದೇಶದ ತುಂಬಾ ಕೊಲೆಗಳು ಏರಿದ್ದವು, ಒಂದರಿಂದ ಇನ್ನೊಂದನ್ನು ಬಿಡಿಸುವುದು ಸುಲಭ ಅಲ್ಲ. 2022ರ ಮೇ 24ರಂದು, ಮೇಲ್ಮನೆ ಕೊನೆಯ ಮತ ಹಾಕಿ ಸರಿಯಾಗಿ ಒಂದು ವರ್ಷಕ್ಕೆ, ಯುವಾಲ್ಡೆ ಊರಿನ ರಾಬ್ ಪ್ರಾಥಮಿಕ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಟೀಚರುಗಳು ಸತ್ತರು. ಆ ಕೊಲೆಗಾರ ತಂದದ್ದು ರೈಫಲ್. 18 ತುಂಬಿದ ಕೂಡಲೇ ಕಾನೂನಿನ ಪ್ರಕಾರವೇ ಕೊಂಡಿದ್ದ. ಹೌಸ್ ಬಿಲ್ 1927 ಇರದಿದ್ದರೂ ಅದು ಅವನಿಗೆ ಸಿಗುತ್ತಿತ್ತು. ಹಾಗಾಗಿ ಯುವಾಲ್ಡೆಯನ್ನು ಈ ಮಸೂದೆಯ ತಲೆಗೆ ಕಟ್ಟುವುದು ನ್ಯಾಯ ಅಲ್ಲ. ನಾನು ಕೇಳುವುದು ಬೇರೆ: ಎಲ್ ಪಾಸೊ ಆದ ಮೇಲೆ ಸಿಕ್ಕ ಒಂದೇ ಒಂದು ಅಧಿವೇಶನವನ್ನು ಯಾವುದಕ್ಕೆ ಖರ್ಚು ಮಾಡಿದೆವು?

ಅಂಥ ರೈಫಲ್ ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿ ಅಂತ ಮಕ್ಕಳನ್ನು ಕಳೆದುಕೊಂಡ ಮನೆಯವರು 2023ರ ಅಧಿವೇಶನದುದ್ದಕ್ಕೂ ಆಸ್ಟಿನ್‌ಗೆ ಬಂದು ಕೂತರು. ಮೇ 6ರಂದು ಡಾಲಸ್ ಹತ್ತಿರದ ಆ್ಯಲೆನ್ ಊರಿನ ಮಾಲ್‌ನಲ್ಲಿ ಎಂಟು ಜನ ಸತ್ತರು. ಅದು ನಾವೆಲ್ಲ ಮಕ್ಕಳಿಗೆ ಶೂ ಕೊಳ್ಳಲು ಹೋಗುತ್ತಿದ್ದ ಜಾಗ. ಎರಡು ದಿನಕ್ಕೆ, ಮೇ 8ರಂದು, ಕೆಳಮನೆಯ ಸಮಿತಿಯಲ್ಲಿ ವಯಸ್ಸು ಏರಿಸುವ ಮಸೂದೆ 8ಕ್ಕೆ 5ರಂತೆ ಪಾಸಾಯಿತು. ಇಬ್ಬರು ರಿಪಬ್ಲಿಕನ್ನರೂ ಪರವಾಗಿ ಮತ ಹಾಕಿದರು. ಮರುದಿನ ಸದನದ ಪಟ್ಟಿಗೆ ಸೇರಿಸುವ ಗಡುವು ಮುಗಿಯಿತು, ಮಸೂದೆ ಅಲ್ಲೇ ನಿಂತಿತು.

ಹೌಸ್ ಬಿಲ್ 1927ಕ್ಕೆ ಶಾಸನಸಭೆ ಕಟ್ಟಿದ ಬೇಲಿಗಳಲ್ಲಿ ಒಂದು ಒಂದೇ ವರ್ಷಕ್ಕೆ ಬಿತ್ತು. 2022ರ ಜೂನ್ 23ರಂದು ಅಮೆರಿಕದ ಸುಪ್ರೀಂ ಕೋರ್ಟು ನ್ಯೂಯಾರ್ಕ್ ಪ್ರಕರಣದಲ್ಲಿ, ಮನೆಯ ಹೊರಗೆ ಪಿಸ್ತೂಲು ಒಯ್ಯುವುದೂ ಸಂವಿಧಾನದ ಹಕ್ಕು, ಅದಕ್ಕೆ ಕಡಿವಾಣ ಹಾಕುವುದಾದರೆ ಹಳೆಯ ಇತಿಹಾಸದಲ್ಲಿ ಅಂಥದ್ದು ಇತ್ತು ಅಂತ ತೋರಿಸಿ ಎಂದಿತು. ಅದನ್ನು ಹಿಡಿದು ಎರಡೇ ತಿಂಗಳಲ್ಲಿ ಫೋರ್ಟ್ ವರ್ತ್‌ನ ಫೆಡರಲ್ ನ್ಯಾಯಾಧೀಶರು ಟೆಕ್ಸಸ್‌ನ 21ರ ವಯಸ್ಸಿನ ಮಿತಿ ನಿಲ್ಲುವುದಿಲ್ಲ ಎಂದರು. ರಾಜ್ಯ ಮೇಲ್ಮನವಿ ಹಾಕಿತು, ಡಿಸೆಂಬರ್‌ನಲ್ಲಿ ತಾನೇ ಹಿಂದಕ್ಕೆ ತೆಗೆದುಕೊಂಡಿತು. ಮಿತಿ 18ಕ್ಕೆ ಇಳಿಯಿತು. ಶಾಸನಸಭೆ ವೋಟು ಹಾಕಿ ಇಟ್ಟ ನಿಯಮ ಅದು, ಸರ್ಕಾರವೇ ಅದನ್ನು ಕಾಪಾಡಲಿಲ್ಲ.

2023ರ ಅಕ್ಟೋಬರ್‌ನಲ್ಲಿ ಡಾಲಸ್‌ನ ಟೆಕ್ಸಸ್ ರಾಜ್ಯ ಜಾತ್ರೆಯ ತಿಂಡಿ ಅಂಗಡಿಗಳ ಸಾಲಿನಲ್ಲಿ ಗುಂಡು ಹಾರಿ ಮೂವರಿಗೆ ಗಾಯವಾಯಿತು. ಮಾರನೆಯ ವರ್ಷ ಜಾತ್ರೆಯವರು, ಲೈಸೆನ್ಸ್ ಇರಲಿ ಬಿಡಲಿ ಯಾರೂ ಪಿಸ್ತೂಲು ತರಬೇಡಿ ಎಂದರು. ರಾಜ್ಯದ ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್‌ಟನ್ ಕೋರ್ಟಿಗೆ ಹೋದರು. ಜಾಗ ಡಾಲಸ್ ನಗರದ್ದು, ಸರ್ಕಾರಿ ಜಾಗದಲ್ಲಿ ಬೇಡ ಅನ್ನುವಂತಿಲ್ಲ ಅನ್ನುವುದು ಅವರ ವಾದ. ಬಾಡಿಗೆಗೆ ಪಡೆದ ಖಾಸಗಿ ಸಂಸ್ಥೆ ನಾವು, ನಿಯಮ ನಮ್ಮದು ಅನ್ನುವುದು ಜಾತ್ರೆಯವರ ವಾದ. ಜಾತ್ರೆ ಶುರುವಾಗುವ ಹಿಂದಿನ ದಿನ, 2024ರ ಸೆಪ್ಟೆಂಬರ್ 26ರಂದು, ಟೆಕ್ಸಸ್ ಸುಪ್ರೀಂ ಕೋರ್ಟು ಆ ನಿಷೇಧವನ್ನು ತಡೆಯಲು ಒಪ್ಪಲಿಲ್ಲ. ಅಷ್ಟು ದೊಡ್ಡ ಸಂಸ್ಥೆಗೆ ವಕೀಲರಿದ್ದರು.

ಅದೇ ವರ್ಷ ಸೌತ್ ಕೆರೊಲೈನಾ, ಲೂಯಿಸಿಯಾನಾ ಕೂಡ ಲೈಸೆನ್ಸ್ ಬಿಟ್ಟವು. ಐವತ್ತರಲ್ಲಿ 29 ರಾಜ್ಯಗಳಾದವು.

ಮೊನ್ನೆ ಅಂಗಡಿಗೆ ಹೋದಾಗ ಅಣ್ಣ ಬಾಗಿಲ ಹತ್ತಿರ ಏಣಿ ಇಟ್ಟುಕೊಂಡು ನಿಂತಿದ್ದರು. ಪಶ್ಚಿಮದ ಬಿಸಿಲಿಗೆ ಮೂರನೆಯ ಬೋರ್ಡಿನ ಕೆಂಪು ಅಕ್ಷರ ಮಾಸಿ, ಹಿಂದಿನ ಬಿಳಿಯಲ್ಲಿ ಸೇರಿಹೋಗುತ್ತಿತ್ತು. ಬಣ್ಣ ಎದ್ದು ಕಾಣದಿದ್ದರೆ ಬೋರ್ಡು ಲೆಕ್ಕಕ್ಕಿಲ್ಲ. ಹೊಸದು ತರಿಸಿದ್ದರು. ನಾನು ಏಣಿ ಹಿಡಿದೆ.